ಉಸಿರು ಹಿಡಿಯಿರಿ

ಕಂಕನಾಡಿಯ ಹಿಂಬದಿ ಗಲ್ಲಿ, ಎರಡನೇ ಮಹಡಿ.
ಕೆಳಗೆ ಜೆರಾಕ್ಸ್ ಅಂಗಡಿ, ಪಾಸ್‌ಪೋರ್ಟ್ ಫೋಟೊ, ಎಳನೀರು.
ಗಲ್ಫಿಗೆ ಹೊರಟ ಎದೆಗಳೆಲ್ಲ ಮೊದಲು
ಇಲ್ಲಿ ನನ್ನ ತಣ್ಣನೆಯ ಹಲಗೆಗೆ ಒರಗಬೇಕು.

ಗಲ್ಲ ಮೇಲೆ. ಭುಜ ಮುಂದೆ. ಅಲುಗಬೇಡಿ.
ಉಸಿರು ಎಳೆಯಿರಿ, ಹಿಡಿಯಿರಿ.
ಹತ್ತೊಂಬತ್ತು ವರ್ಷಗಳಿಂದ ಇಷ್ಟೇ ನನ್ನ ಮಾತು.
ತುಳುವಿನಲ್ಲಿ ಗದರಿದ ಹಾಗೆ ಕೇಳಿಸುತ್ತದೆ,
ಕೊಂಕಣಿಯಲ್ಲಿ ಇಗರ್ಜಿಗೆ ಕರೆದ ಹಾಗೆ.
ಬ್ಯಾರಿಯಲ್ಲಿ ಹೇಳಲು ಕಲಿಸಿದವನು ಕೆಳಗಿನ ಎಳನೀರಿನವ;
ಏನೋ ತಪ್ಪು ಕಲಿಸಿದ್ದಾನೆ, ಎಲ್ಲರೂ ನಗುತ್ತಾರೆ,
ನಕ್ಕರೆ ಚಿತ್ರ ಮಸುಕು,
ಮತ್ತೆ ನಿಲ್ಲಿಸಬೇಕು.

ಆವತ್ತು ಟೋಕನ್ ಮೂವತ್ತೊಂದು:
ಹಮ್ಮಬ್ಬ, ಉಳ್ಳಾಲ ಕೋಡಿ, ಮೂವತ್ತೊಂಬತ್ತು ವರ್ಷ,
ದಮ್ಮಾಮಿನ ಯಾವುದೋ ಕ್ಯಾಂಪಿಗೆ ಅಡುಗೆಯವ.
ಅಂಗಿ ಕಳಚಿ ಮಡಚಿಟ್ಟ, ತಾಯಿತ ಬಿಚ್ಚಿ ಅದರ ಜೇಬಿಗೆ ಹಾಕಿದ,
ಏಜೆಂಟ್ ಕೊಟ್ಟ ಕಾಗದ ಮಾತ್ರ ಕೈಯಲ್ಲೇ ಉಳಿಯಿತು.
"ಮೇಡಂ, ನೀವು ಓದಿದವರು, ಇದೊಂದು ಹೇಳಿ.
ಮಾತ್ರೆಗೆ ಡಾಕ್ಟರ ಚೀಟಿ ಬೇಕು, ಸರಿ.
ಬೇರೆಯವರ ಪಾರ್ಸೆಲ್ ಹಿಡಿಯಬಾರದು, ಸರಿ.
ಗುಟ್ಕಾ ಬೇಡ, ಅದನ್ನು ಹೆಂಡತಿಯೂ ಹೇಳುತ್ತಾಳೆ.
ಗಸಗಸೆ ಯಾಕೆ ಬೇಡ?
ಬಂದರಿನಿಂದ ಕಾಲು ಕಿಲೊ ತಂದು ಕಟ್ಟಿಟ್ಟಿದ್ದೇನೆ.
ನನ್ನ ಕೋಳಿಸಾರಿನ ಗುಟ್ಟೇ ಅದು."

ಅಫೀಮಿನ ಗಿಡದ ಬೀಜ, ಅಂದೆ.
ಚೀಲದ ಹೊಲಿಗೆಯಲ್ಲಿ ಒಂದು ಕಾಳು ಸಿಕ್ಕರೂ
ಅಲ್ಲಿ ಕಷ್ಟವಂತೆ. ಕೇಳಿದ್ದು, ನೋಡಿದವಳಲ್ಲ.
ಅವನು ನಂಬಲಿಲ್ಲ. "ಪಕ್ಕದ ಶೆಟ್ಟರ ಮನೆಯಲ್ಲಿ
ಅದರ ಪಾಯಸ ಮಾಡಿ ನಮಗೂ ಕೊಡುತ್ತಾರಲ್ಲ?
ಕುಡಿದರೆ ಸಂಜೆವರೆಗೆ ನಿದ್ದೆ."
ಅದಕ್ಕೇ ಆ ನಿದ್ದೆ, ಅಂದೆ.
ನಕ್ಕ.
ಚಿತ್ರ ಮಸುಕು.

ಎರಡನೆಯದು ಸ್ಪಷ್ಟ ಬಂತು.
ಬೋಳಾರದಲ್ಲಿ ಹಲಗೆ ಹೊಡೆಯುವ ಮೊದಲು
ನಿಂತ ದೋಣಿಯ ಹಾಗೆ ಪಕ್ಕೆಲುಬು,
ನಡುವೆ ಗಾಳಿಯ ಕಪ್ಪು,
ಬಲಗಡೆ, ಮೇಲೆ, ಕೊರಳೆಲುಬಿನ ಕೆಳಗೆ
ಬೆಳ್ಳಗೆ ಒಂದು ಚುಕ್ಕೆ.
ಗಸಗಸೆಯಷ್ಟು.

ನೋಡುತ್ತ ನೋಡುತ್ತ ಮರೆತೇಬಿಟ್ಟೆ.
ಗಾಜಿನಾಚೆ ಅವನು ಕಿವಿ ಕೆಂಪಾಗಿಸಿಕೊಂಡು
ಇನ್ನೂ ಉಸಿರು ಹಿಡಿದೇ ನಿಂತಿದ್ದ.
ಬಿಡಿ, ಅಂದೆ. ಬಿಡಿ, ಬಿಡಿ.

ಚಿಕ್ಕಂದಿನಲ್ಲಿ ಕೆಮ್ಮಿತ್ತಾ?
"ಐದನೇ ಕ್ಲಾಸಿನಲ್ಲಿ. ವೆನ್ಲಾಕಿನ ಮಾತ್ರೆ, ಆರು ತಿಂಗಳು.
ಒಂದು ದಿನ ತಪ್ಪಿಸಿಲ್ಲ, ಉಮ್ಮ ಪ್ರತಿ ಮಾತ್ರೆಗೂ
ಒಂದು ಚೂರು ಬೆಲ್ಲ ಕೊಡುತ್ತಿದ್ದರು.
ಪೂರ್ತಿ ಗುಣ ಮೇಡಂ."

ಪೂರ್ತಿ ಗುಣ. ನನಗೂ ಗೊತ್ತು.
ಈ ಚುಕ್ಕೆ ಕೆಮ್ಮುವುದಿಲ್ಲ, ಯಾರಿಗೂ ಹರಡುವುದಿಲ್ಲ,
ಮಂಡಿಯ ಮೇಲಿನ ಹಳೇ ಗಾಯದ ಕಲೆಯಿದ್ದಂತೆ
ಸುಮ್ಮನೆ ಅಲ್ಲೊಂದಿದೆ.
ಆದರೆ ಫಾರ್ಮಿನಲ್ಲಿ ಎರಡೇ ಚೌಕ,
ಫಿಟ್, ಅನ್‌ಫಿಟ್.
"ಇತ್ತು, ಹೋಯಿತು" ಎಂಬುದಕ್ಕೆ ಯಾರೂ ಚೌಕ ಬರೆದಿಲ್ಲ.
ಸಹಿ ಡಾಕ್ಟರದ್ದು, ನಿಯಮ ಕಡಲಾಚೆಯದ್ದು.
ಮೊದಲು ನೋಡುವವಳು ಮಾತ್ರ ನಾನು.
ಒಬ್ಬನ ಎದೆಯ ಸುದ್ದಿ ಅವನಿಗಿಂತ ಮುಂಚೆ
ನನ್ನ ಬಳಿ ಇರುವ ಆ ಒಂದು ನಿಮಿಷವನ್ನು
ಎಲ್ಲಿಡಬೇಕೋ ಇವತ್ತಿಗೂ ತಿಳಿದಿಲ್ಲ.

ಮೂರನೇ ದಿನ ಮೆಟ್ಟಿಲಲ್ಲಿ ಸಿಕ್ಕ,
ನಾನು ಚಹಾಕ್ಕೆ ಇಳಿಯುತ್ತಿದ್ದೆ.
ರಿಪೋರ್ಟನ್ನು ಮಡಚಿ ಮಡಚಿ
ತಾಯಿತದಷ್ಟು ಮಾಡಿ ಹಿಡಿದಿದ್ದ.
ಬೇರೆ ದೇಶ ನೋಡಬಹುದಲ್ಲ ಅನ್ನಲೇ,
ಡಾಕ್ಟರ ಹತ್ತಿರ ಇನ್ನೊಮ್ಮೆ ಕೇಳಿ ಅನ್ನಲೇ,
ನಾನು ತಡವರಿಸುವಷ್ಟರಲ್ಲಿ ಅವನೇ ಅಂದ:
"ಹಾಗಾದರೆ ಗಸಗಸೆ ಹೊರಗೆ ತೆಗೆಯುವುದು ಬೇಡ, ಅಲ್ಲವಾ?"

ನಗುತ್ತಿದ್ದನೋ ಏನೋ,
ಮೆಟ್ಟಿಲಲ್ಲಿ ಬೆಳಕು ಸಾಲದು.
ಕೆಳಗೆ ಉಳ್ಳಾಲದ ಬಸ್ಸು ಬಂದಿತ್ತು, ಓಡಿ ಹತ್ತಿದ.
ಕಂಡಕ್ಟರ್ ತಗಡು ಬಡಿದು ಕೂಗಿದ,
ರೈಟ್, ಪೋಯಿ.