ಬಾಗಿಲು ಹಾಕಿದೆ, ಸರಾಸರಿ

ಮೀಟರ್ ಓದುವವನು ನಾನು, ಹಾಸನದಲ್ಲಿ.
ಚಿಪ್ಪಿನಕಟ್ಟೆಯಿಂದ ಸಾಲಗಾಮೆ ರಸ್ತೆವರೆಗೆ
ಒಂಬೈನೂರ ಹನ್ನೆರಡು ಮನೆ.
ಕಳೆದ ತಿಂಗಳು ಎಷ್ಟು ಉರಿಸಿದಿರಿ, ಹೇಳಬಲ್ಲೆ.
ಮುಂದಿನ ತಿಂಗಳದ್ದು ಕೇಳಬೇಡಿ.
ಬಾಗಿಲಿಗೆ ಬೀಗವಿದ್ದರೆ
ಹಿಂದಿನ ಮೂರು ತಿಂಗಳ ಸರಾಸರಿ ಹಾಕಿ
ಗೇಟಿನ ಸಂದಿಗೆ ಚೀಟಿ ಸಿಕ್ಕಿಸಿ ಬರುತ್ತೇನೆ.
ಒಳಗೆ ಮದುವೆಯ ದೀಪ ಉರಿದಿತ್ತೋ
ಇದ್ದ ಒಂದು ಬಲ್ಬೂ ಸುಟ್ಟುಹೋಗಿತ್ತೋ
ಸರಾಸರಿಗೆ ಗೊತ್ತಿಲ್ಲ.

ತಂಗಿ ದಾಕ್ಷಾಯಿಣಿ
ಫ್ಯಾಕ್ಟರಿಯಲ್ಲಿ ದಿಂಬಿನ ಗವಸು ಹೊಲಿಯುವವಳು, ದಿನಕ್ಕೆ ಮುನ್ನೂರು.
ಮಾಘದ ಒಂದು ಶನಿವಾರ
ನಾಲ್ಕೂ ಬದಿ ಮುಚ್ಚಿ ಹೊಲಿದಳು.
ಬೈದರೆ, "ಒಳಗಿರೋರು ಹೊರಗೆ ಬರಬಾರದು" ಅಂದಳಂತೆ.
ಆ ಗವಸನ್ನು ಸೂಪರ್‌ವೈಸರ್ ಮಡಿಸಿ ನನ್ನ ಕೈಗೆ ಕೊಟ್ಟ,
ಸಾಕ್ಷಿ ಕೊಡುವ ಹಾಗೆ.

ಆಮೇಲೆ ನಿದ್ದೆ ಹೋಯಿತು.
ಮಾತು ಉಕ್ಕಿ, ಹರಿದು, ಒಂದು ದಿನ ನಿಂತಿತು.
ಇಲ್ಲದ ಎಲೆಯಡಿಕೆ ಬಾಯಿ ಜಗಿಯಿತು,
ಬೆರಳು ಗಾಳಿಗೆ ದಾರ ಪೋಣಿಸಿತು.
ಅವ್ವ ಯಂತ್ರ ಕಟ್ಟಿಸಿದಳು. ನಾನು ಓದಿದವನು, ನಗಾಡಿದೆ;
ಪ್ರೀತಿ ಗೀತಿ ಏನೋ ಇರಬೇಕೆಂದು
ಅವಳ ಫೋನು ತಡಕಿದೆ, ಗದರಿದೆ,
ನಿದ್ದೆ ಮಾತ್ರೆ ನುಂಗಿಸಿದೆ.
ಹೀಗೆ ಮೂವತ್ತಮೂರು ದಿನ.

ಡಾಕ್ಟರ್ ಮೆಹರುನ್ನೀಸಾ ಬೆನ್ನಿನಿಂದ ನೀರು ತೆಗೆಸಿ
ಬೆಂಗಳೂರಿಗೆ ಕಳಿಸಿದರು.
ವರದಿ ಬಂದ ದಿನ ನನ್ನ ಮೀನಖಂಡದ ಪಟ್ಟಿ ನೋಡಿ
"ನಾಯಿಯಾ?" ಅಂದರು.
ಹೌದು ಮೇಡಂ. ಎಂಟು ವರ್ಷ ಬಾಲ ಅಲ್ಲಾಡಿಸಿದ್ದು.
"ಮತ್ತೆ ಯಾಕೆ ಕಚ್ಚಿತು?"
ಗೊತ್ತಿಲ್ಲ.
"ಇದೂ ಹಾಗೇ. ಅವಳ ರಕ್ತಕ್ಕೇ ಅವಳ ಗುರುತು ತಪ್ಪಿದೆ."

ಎಷ್ಟು ವಾಸಿಯಾಗತ್ತೆ? ಯಾವಾಗ?
ಅವರು ಕೈ ಎತ್ತಿ ಬೆರಳು ಮಡಿಸತೊಡಗಿದರು.
ಐಸಿಯು ಸೇರಿದ್ದಾಳೆ, ಒಂದು.
ಬೆನ್ನುನೀರಿನಲ್ಲಿ ಕಣ ಇಪ್ಪತ್ತು ದಾಟಿದೆ, ಎರಡು.
ಸ್ಕ್ಯಾನ್ ಚೊಕ್ಕ, ಈ ಬೆರಳು ನಿಲ್ಲಲಿ.
ಮದ್ದು ಕೊಟ್ಟು ನಾಲ್ಕು ವಾರಕ್ಕೂ ಚೇತರಿಸದಿದ್ದರೆ ಇನ್ನೊಂದು, ಕಾಯೋಣ.
ಮತ್ತೆ, ಮದ್ದು ಶುರುವಾಗುವುದೇ ನಾಲ್ಕು ವಾರ ತಡವಾಗಿದ್ದರೆ…
ನನ್ನ ಮುಖ ನೋಡದೆ ಮಡಿಸಿದರು.
ಆ ಬೆರಳು ನನ್ನದು.

"ಇದು ನೂರು ಜನರ ಲೆಕ್ಕ. ದಾಕ್ಷಾಯಿಣಿಯ ಲೆಕ್ಕ ಅಲ್ಲ."
ಗೊತ್ತು ಮೇಡಂ. ಬಾಗಿಲು ಹಾಕಿದೆ, ಸರಾಸರಿ.
ಅವರಿಗೆ ತಿಳಿಯಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ನಾಲ್ಕನೇ ವಾರ ಕಳೆಯಿತು. ಕಾಯ್ದಿದ್ದ ಬೆರಳೂ ಮಡಿಯಿತು.
ಬೇರೆ ಮದ್ದು. ನಾನು ಆಸ್ಪತ್ರೆಯ ಮೀಟರ್ ಬೋರ್ಡಿನ ಮುಂದೆ
ಸುಮ್ಮನೆ ನಿಂತು ಅಂಕಿ ತಿರುಗುವುದು ನೋಡುತ್ತಿದ್ದೆ.
ಏಳನೇ ವಾರ, ಬುಧವಾರ,
ಸಿಸ್ಟರ್ ಲೂರ್ದಮ್ಮ ಹಾಸಿಗೆಯ ಬಟ್ಟೆ ಬದಲಿಸುವಾಗ
ಇವಳು ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದಳು.
ಬಟ್ಟೆ ಎಂಥದ್ದು ಎಂದು ನೋಡುವವರ ಹಾಗೆ.

ಈಗ ಹನ್ನೊಂದು ತಿಂಗಳು.
ಸೊನ್ನೆ ಅಂದರೆ ಏನೂ ಆಗಿಲ್ಲ, ಆರು ಅಂದರೆ ಮಣ್ಣು;
ಡಾಕ್ಟರು ಇವಳಿಗೆ ಎರಡು ಬರೆದಿದ್ದಾರೆ. ಒಳ್ಳೆಯ ಅಂಕಿ.
ಸಾರಿಗೆ ಎರಡು ಸಲ ಉಪ್ಪು,
ಸಾಸಿವೆ ಸಿಡಿದರೆ ಅಳು,
ಮಾಘದಿಂದ ಜ್ಯೇಷ್ಠದವರೆಗೆ ನೆನಪಿಲ್ಲ.
ಇವಕ್ಕೆ ಅಂಕಿ ಇಲ್ಲ.

ನಿನ್ನೆ ಬೀರು ಒರೆಸುತ್ತಿದ್ದವಳು ಆ ಗವಸು ಹಿಡಿದು ಬಂದಳು.
"ಯಾರೋ ಇದನ್ನ ಹೊಲಿದಿದ್ದು?"
ನಾನು ಬಿಲ್ಲಿನ ಮಿಶನ್ನಿಗೆ ಕಾಗದ ತುಂಬುತ್ತಿದ್ದೆ.
ಬೆಳಕಿಗೆ ಹಿಡಿದು, ಅಂಚಿನುದ್ದ ಉಗುರೆಳೆದು,
"ಯಾವಳೋ ಹುಚ್ಚಿ. ಹೊಲಿಗೆ ಮಾತ್ರ ನೆಟ್ಟಗಿದೆ" ಅಂದಳು.
"ಒಂದು ಬದಿ ಬಿಚ್ತೀನಿ. ಬ್ಲೇಡು ಕೊಡು."

ಮನೆಯ ಬ್ಲೇಡನ್ನೆಲ್ಲ ಮಾಘದಲ್ಲಿ ನಾನೇ ಬಚ್ಚಿಟ್ಟಿದ್ದೆ.
ಎಲ್ಲಿ ಅನ್ನುವುದು
ನನಗೂ ನೆನಪಾಗಲಿಲ್ಲ.