ಬೇಯದ ನೂಲು

ಮಡಿಕೇರಿ ಮಾರುಕಟ್ಟೆಯ ಹಂದಿಮಾಂಸದ ಅಂಗಡಿಯಲ್ಲಿ
ಪ್ರತಿ ಗುರುವಾರ ಮೇದಪ್ಪ ನನಗೆಂದೇ ತೆಗೆದಿಡುತ್ತಾನೆ
ಗುಂಡಿಗೆಯಿಂದ ಹೊರಡುವ ಆ ದಪ್ಪ ಕೊಳವೆ.
"ನಾಯಿ ಕೂಡ ಮೂಸಿ ಬಿಡುತ್ತೆ ಟೀಚರೇ,
ನಿಮ್ಮ ಮಕ್ಕಳು ಇದರಲ್ಲಿ ಎಂಥ ಹುಡುಕ್ತಾರೆ?"
ದುಡ್ಡು ಬೇಡ ಅನ್ನುತ್ತಾನೆ.
ಕೊಟ್ಟರೆ ಎಣಿಸಿಕೊಳ್ಳುತ್ತಾನೆ.

ಹುಡುಕುವುದು ಹೆಸರು, ಮೇದಪ್ಪ.
ಗಾಜಿನ ಮೇಲೆ ಕೂದಲಿಗಿಂತ ತೆಳ್ಳಗಿನ ಒಂದು ಸೀಳು.
ಕೆಂಪಗೆ ಕಂಡರೆ ಕೊಲಾಜೆನ್,
ಮೂರೆಳೆ ಹೊಸೆದ ಹಗ್ಗ, ಜಗ್ಗಿದರೆ ಜಗ್ಗದು.
ಹಳದಿಯಾದರೆ ಸ್ನಾಯು.
ಕಪ್ಪಗೆ, ಅಲೆಯಲೆಯಾಗಿ,
ಯಾರೋ ಬಾಚುತ್ತ ಅರ್ಧಕ್ಕೆ ಎದ್ದುಹೋದ ಗುಂಗುರು ತಲೆಯ ಹಾಗೆ
ಕಂಡದ್ದು ಇಲಾಸ್ಟಿನ್.

ಸುಂಟಿಕೊಪ್ಪದ ಲಿಖಿನ್ ಬಣ್ಣವನ್ನು ಅತಿಯಾಗಿ ತೊಳೆದು
"ಮೇಡಂ, ನನ್ನ ಹಂದಿಗೆ ಇಲಾಸ್ಟಿನ್ನೇ ಇಲ್ಲ" ಅಂದ.
ಹಾಗಿದ್ದರೆ ಅದು ಬದುಕಿದ್ದೇ ಸುಳ್ಳು, ಅಂದೆ.

ಬಣ್ಣವನ್ನೊಂದೇ ನಂಬಬಾರದು.
ಇನ್ನೊಂದು ತುಂಡನ್ನು ಕ್ಷಾರದಲ್ಲಿ ಮುಕ್ಕಾಲು ಗಂಟೆ ಕಾಯಿಸುತ್ತೇವೆ.
ಹಗ್ಗ ಕರಗುತ್ತದೆ. ಸ್ನಾಯು ಕರಗುತ್ತದೆ.
ತಳದಲ್ಲಿ ಉಳಿದ ಮಾಸಲು ಚೂರನ್ನು
ಇಕ್ಕಳದಲ್ಲಿ ಎಳೆದು ಬಿಟ್ಟರೆ
ಟಪ್ಪನೆ ಹಿಂದಕ್ಕೆ.
ಅಷ್ಟಕ್ಕೇ ಚಪ್ಪಾಳೆ ತಟ್ಟುತ್ತಾರೆ ಹುಡುಗರು.

ಅವ್ವನಿಗೆ ಇದೆಲ್ಲ ಹಳೆಯ ಸುದ್ದಿ.
ಪಂದಿಕರಿಗೆ ಕಾಚಂಪುಳಿ ಬಿದ್ದ ಮೇಲೆ
ತೊಗಲು ಯಾವಾಗ ಸೋತು ಅಂಟಾಗುತ್ತದೆಂದು
ಮುಚ್ಚಳ ತೆಗೆಯದೆ ಹೇಳುತ್ತಾಳೆ.
ತಟ್ಟೆಯಂಚಿಗೆ ಸರಿಸಿಟ್ಟ, ಜಗಿದೂ ಜಗಿದೂ ಸೋಲದ ಚೂರನ್ನು
"ಹಟಮಾರಿ" ಎನ್ನುತ್ತಾಳೆ.
ಪುಸ್ತಕದ ಹೆಸರಿಗಿಂತ ಅದೇ ವಾಸಿ.

ಇವತ್ತು ಅವಳ ಬಿಪಿ ನೂರ ಎಂಬತ್ತು.
ರಕ್ತನಾಳ ಪೆಡಸಾಗಿದೆ, ಅಂತ ಡಾಕ್ಟರರ ಚೀಟಿ.
ಕ್ಲಾಸಿನಲ್ಲಿ ನಾನೇ ಹೇಳಿಕೊಡುವ ಮಾತು:
ಈ ನೂಲನ್ನು ಮೈ ನೂಲುವುದು ಒಂದೇ ಸಲ,
ಹುಟ್ಟುವ ಮೊದಲು, ಹುಟ್ಟಿದ ಮೇಲೆ ಕೆಲವು ವರ್ಷ.
ಆಮೇಲೆ ರಾಟೆ ಎತ್ತಿಟ್ಟುಬಿಡುತ್ತದೆ.
ಹರಿದರೆ ತೇಪೆಗೆ ಕೊಲಾಜೆನ್ ಮಾತ್ರ.

ಅಂದರೆ ಎಪ್ಪತ್ತೊಂದು ವರ್ಷದ ಹಿಂದೆ
ಬಿಟ್ಟಂಗಾಲದ ಯಾವುದೋ ಲೈನ್‌ಮನೆಯಲ್ಲಿ
ನಾನು ಫೋಟೋದಲ್ಲೂ ಕಾಣದ ಒಬ್ಬಳ ಹೊಟ್ಟೆಯೊಳಗೆ
ನೂಲತೊಡಗಿದ್ದು
ಈಗ ಅಡುಗೆಮನೆಯಲ್ಲಿ, ಅವ್ವನ ಮಣಿಕಟ್ಟಿನಲ್ಲಿ,
ನನ್ನ ಎರಡು ಬೆರಳ ಕೆಳಗೆ
ಹಿಗ್ಗುತ್ತಿದೆ, ಮರಳುತ್ತಿದೆ, ಒಂದಿಷ್ಟು ತಡವಾಗಿ
ಮತ್ತೆ ಹಿಗ್ಗುತ್ತಿದೆ.

"ಎಷ್ಟು ಹೊತ್ತು ಎಣಿಸ್ತೀಯ?
ಕೈ ಬಿಡು," ಅಂದಳು ಅವ್ವ, "ತಳ ಹಿಡೀತಿದೆ."