ಉಮದಿಯ ಗೋಡೆ

"ಸುಣ್ಣ ಯಾಕ, ದಸ್ತಗೀರ? ಸುಮ್ಮನ ಖರ್ಚು.
ಹೆಸರು ಹಂಗ ಇರಲಿ, ಚಿಹ್ನೆಯಷ್ಟ ಅಳಸು."
ಸಾಹೇಬ್ರು ಗಾಡಿ ಇಳೀಲಿಲ್ಲ.

ಮೂರನೇ ಪಕ್ಷ ಇದು.

ಎಡಕ್ಕ ಮರಾಠಿಯೊಳಗ:
ಗಡಿಯ ಇಂಚು ನೆಲವನ್ನೂ ಬಿಡೆವು.
ಬಲಕ್ಕ ಕನ್ನಡದಾಗ:
ಈ ಶಾಲೆಯನ್ನು ಉಳಿಸಿಯೇ ತೀರುತ್ತೇವೆ.
ಎರಡಕ್ಕೂ ಒಂದ ಡಬ್ಬಿ, ಒಂದ ಕುಂಚ,
ರೊಕ್ಕ ಆರಿಸಿಬಂದ ಮ್ಯಾಲ.

ಶಾಲಿ ಅಂದ್ರ ಈ ಗೋಡಿ ಹಿಂದಿನ ಎರಡು ಖೋಲಿ.
ಹೊಸ ಮಾಸ್ತರ ಸಾತಾರಾದವರು,
ಹುಡುಗರ ಮಗ್ಗಲಾಗ ಕುಂತು ಅ ಆ ತಿದ್ದತಾರ.

ಹೊರಗ ಬಂದು, ಹಸಿ ಬಣ್ಣಕ್ಕ ಬೆರಳು ತಾಗದಂಗ
ಒಂದೊಂದ ಅಕ್ಷರ ಕೂಡಿಸಿದ್ರು: ತೀ... ರು... ತ್ತೇ... ವೆ.
"ತೀರೂದು ಅಂದ್ರ ಏನೋ?"

ಎರಡನೇತ್ತೆ ಹುಡುಗ, ಸಿಂಬಳ ಒರಸಕೋತ:
"ಸಾಯೂದು, ಸರ್.
ನಮ್ಮಜ್ಜ ತೀರಕೊಂಡಾನಲ್ಲ, ಹಂಗ."

ನಿಚ್ಚಣಿಕಿ ಮ್ಯಾಲ ನಿಂತಿದ್ದೆ.
ತಿದ್ದಲಿಲ್ಲ.